ಮಗಳು ಎತ್ತರ ಇದ್ದಾಳೆ, ಬಾಸ್ಕೆಟ್‌ಬಾಲಿಗೆ ಹಾಕಲಾ?

ಮುಂಬೈಯ ಮಾಟುಂಗಾ ಮಾರ್ಕೆಟ್ಟಿನಲ್ಲಿ ತರಕಾರಿ ಚೀಲ ಹಿಡಿದು ನಿಂತರೆ ಸಾಕು, ಯಾರಾದರೂ ಕೇಳುತ್ತಾರೆ. "ಅಕ್ಕಾ, ನಮ್ಮ ಹುಡುಗಿ ಈಗಲೇ ಅವಳಪ್ಪನ ಭುಜಕ್ಕೆ ಬಂದಿದ್ದಾಳೆ. ಬಾಸ್ಕೆಟ್‌ಬಾಲಿಗೆ ಹಾಕಲಾ?" ನಾನು ರೈಲ್ವೆಗೆ ಆಡಿದ್ದು ನಾಲ್ಕು ವರ್ಷ. ಅದೇ ರೈಲ್ವೆಯಲ್ಲಿ ಟಿಸಿ ಕೋಟು ಹಾಕಿದ್ದು ಇಪ್ಪತ್ತು ವರ್ಷಕ್ಕೂ ಜಾಸ್ತಿ. ಈ ಲೆಕ್ಕ ತಲೆಯಲ್ಲಿಟ್ಟುಕೊಂಡು ಮುಂದೆ ಓದಿ.

ರಿಂಗ್ ಇರುವುದು ನೆಲದಿಂದ 3.05 ಮೀಟರ್ ಮೇಲೆ. ಎತ್ತರ ಇದ್ದವರಿಗೆ ಲಾಭವೇ, ಸುಳ್ಳು ಹೇಳಲ್ಲ. ಆದರೆ ಹನ್ನೆರಡಕ್ಕೇ ಉದ್ದ ಬೆಳೆದ ಹುಡುಗಿಯನ್ನು ರಿಂಗ್ ಕೆಳಗೆ ನಿಲ್ಲಿಸಿಬಿಡುತ್ತಾರೆ. ಹದಿನಾರಕ್ಕೆ ಉಳಿದವರೂ ಅವಳಷ್ಟೇ ಆಗಿರುತ್ತಾರೆ, ಇವಳಿಗೆ ಬಾಲ್ ನೆಲಕ್ಕೆ ಬಡಿಯುತ್ತಾ ಓಡುವ ಡ್ರಿಬಲ್ ಮಾತ್ರ ಬಂದಿರುವುದಿಲ್ಲ. ಅವಳಿಗೂ ಬಾಲ್ ತೆಗೆದುಕೊಂಡು ಹೋಗಲು ಬಿಡಿ ಅಂತ ಕೋಚ್‌ಗೆ ಮೊದಲೇ ಹೇಳಿ.

ಯಾವ ಕೋರ್ಟ್? ಮಾಟುಂಗಾದಲ್ಲೇ ಇಂಡಿಯನ್ ಜಿಮ್ಖಾನಾ ಇದೆ. ನಾಗಪಾಡಾದ ಮಸ್ತಾನ್ ತಲಾವ್ ಕಡೆ ಒಂದು ಸಂಜೆ ಹೋಗಿ ನೋಡಿ. ಭಾರತ ತಂಡದ ನಾಯಕನಾಗಿದ್ದ ಅಬ್ಬಾಸ್ ಮುಂತಸಿರ್ ಆ ಗಲ್ಲಿಗಳಲ್ಲೇ ಬೆಳೆದವರು. ಎಲ್ಲಿಗೆ ಸೇರಿಸುವುದಾದರೂ ಮೊದಲ ದಿನ ಮಗಳನ್ನು ಮನೆಯಲ್ಲೇ ಬಿಟ್ಟು ನೀವೊಬ್ಬರೇ ಹೋಗಿ ಒಂದು ಗಂಟೆ ಕೂತುಕೊಳ್ಳಿ. ಹುಡುಗಿಯರ ಕೈಗೆ ಬಾಲ್ ಎಷ್ಟು ಸಲ ಬರುತ್ತದೆ ಎಣಿಸಿ. ಗೆರೆಯ ಆಚೆ ಸುಮ್ನೆ ನಿಲ್ಲಿಸಿದ್ದರೆ ಎದ್ದು ಬನ್ನಿ.

ಬಾಲ್ ಕೊಳ್ಳುವಾಗ 6ನೇ ಸೈಜ್ ಕೇಳಿ. 7 ಗಂಡಸರದ್ದು. ನಮ್ಮ ಕಾಲದಲ್ಲಿ ಹೆಂಗಸರೂ 7ರಲ್ಲೇ ಆಡುತ್ತಿದ್ದೆವು, ಬೆರಳು ನೋಯುತ್ತಿತ್ತು. ಸಿಮೆಂಟ್ ಕೋರ್ಟಿಗೆ ರಬ್ಬರ್ ಬಾಲ್ ಸಾಕು. ಮಳೆಗಾಲದಲ್ಲಿ ಹೊರಗಿನ ಕೋರ್ಟ್ ಜಾರುತ್ತದೆ. ಆಗ ಬಿಲ್ಡಿಂಗ್ ಕೆಳಗೆ ಪಾರ್ಕಿಂಗ್‌ನಲ್ಲಿ ಡ್ರಿಬಲ್ ಮಾಡಿಸಿ. ಸೊಸೈಟಿ ಸೆಕ್ರೆಟರಿ ಬೈಯುತ್ತಾರೆ, ಬೈಸಿಕೊಳ್ಳಿ.

ಈಗ ಮೊಣಕಾಲಿನ ಮಾತು. ನನ್ನದು ಇಪ್ಪತ್ತನಾಲ್ಕರಲ್ಲಿ ಹೋಯಿತು. ಯಾರೂ ತಳ್ಳಲಿಲ್ಲ, ಗುದ್ದಲಿಲ್ಲ. ರಿಬೌಂಡಿಗೆ, ಅಂದರೆ ರಿಂಗಿಗೆ ಬಡಿದು ವಾಪಸ್ ಬಂದ ಬಾಲಿಗೆ, ಹಾರಿ ಕೆಳಗೆ ಬಂದೆ, ಟಕ್ ಅಂತು, ಅಷ್ಟೇ. ಮಂಡಿಯ ಒಳಗಿನ ಎಸಿಎಲ್ ಅನ್ನುವ ಕಟ್ಟು ಹರಿದಿತ್ತು. ಹುಡುಗಿಯರಲ್ಲಿ ಈ ಪೆಟ್ಟು ಹುಡುಗರಿಗಿಂತ ಎಷ್ಟೋ ಜಾಸ್ತಿ. ಹೆಚ್ಚಾಗಿ ಆಗುವುದು ಹೀಗೇ, ಹಾರಿ ಇಳಿಯುವಾಗ ಅಥವಾ ಓಡುತ್ತಾ ಗಕ್ಕನೆ ತಿರುಗುವಾಗ. ಶಾಲೆಯಲ್ಲಿ ನಮಗೆ ಹಾರುವುದನ್ನು ಕಲಿಸಿದ್ದರು, ಇಳಿಯುವುದನ್ನು ಯಾರೂ ಕಲಿಸಲಿಲ್ಲ. ಯಾವ ಶಾಲೆ ಅಂತ ಬೇಡ ಬಿಡಿ.

ಇದನ್ನು ಮನೆಯಲ್ಲೇ ಶುರು ಮಾಡಬಹುದು. ಒಂದು ಗಟ್ಟಿ ಮಣೆ ಹಾಕಿ, ಅದರ ಮೇಲಿಂದ ಎರಡೂ ಕಾಲಿನಲ್ಲಿ ಕೆಳಗೆ ಹಾರಲಿ. ಮುಂಗಾಲು ಮೊದಲು ನೆಲ ಮುಟ್ಟಬೇಕು, ಆಮೇಲೆ ಹಿಮ್ಮಡಿ. ಮಂಡಿ ಮಡಚಿರಬೇಕು, ಸೊಂಟ ಹಿಂದಕ್ಕೆ ಹೋಗಬೇಕು, ಕುರ್ಚಿಯಲ್ಲಿ ಕೂರಲು ಹೊರಟ ಹಾಗೆ. ನೀವು ಎದುರು ನಿಂತು ಮಂಡಿಗಳನ್ನೇ ನೋಡಿ. ಒಂದಕ್ಕೊಂದು ಹತ್ತಿರ ವಾಲಿದರೆ ತಪ್ಪು, ಪಾದದ ನೇರಕ್ಕೇ ಇರಬೇಕು. ಸದ್ದೂ ಆಗಬಾರದು. ಕೆಳಗಿನ ಮನೆಯವರು ಬಂದು ಬಾಗಿಲು ತಟ್ಟಿದರೆ ಇನ್ನೂ ಸರಿಯಾಗಿಲ್ಲ ಅಂತ ಅರ್ಥ! ಎರಡು ಕಾಲಿನದ್ದು ಸರಿಬಂದ ಮೇಲೆ ಒಂಟಿ ಕಾಲು. ವಾರಕ್ಕೆ ಮೂರು ದಿನ, ಆಟಕ್ಕೆ ಮೊದಲು ಹದಿನೈದು ನಿಮಿಷ ಸಾಕು. ಮಂಡಿ ಊದಿದರೆ ಎಣ್ಣೆ ತಿಕ್ಕುತ್ತಾ ಕೂರಬೇಡಿ, ಮೂಳೆ ಡಾಕ್ಟರಿಗೆ ತೋರಿಸಿ.

ವಿದೇಶದ ಲೀಗ್ ಬಗ್ಗೆ ಕೇಳುವ ಅಪ್ಪಂದಿರೂ ಇದ್ದಾರೆ. ಕೇರಳದ ಗೀತು ಅನ್ನಾ ಜೋಸ್ ಆಸ್ಟ್ರೇಲಿಯಾದಲ್ಲಿ ಆಡಿದರು, 2011ರಲ್ಲಿ ಅಮೆರಿಕದ ಹೆಂಗಸರ ಲೀಗ್ ಡಬ್ಲ್ಯುಎನ್‌ಬಿಎ ತಂಡಗಳ ಟ್ರಯಲ್ಸ್‌ಗೂ ಹೋದರು. ಅವರೂ ದಕ್ಷಿಣ ರೈಲ್ವೆಯ ನೌಕರಿಯವರೇ. 2017ರಲ್ಲಿ ಬೆಂಗಳೂರಿನಲ್ಲಿ ಹೆಂಗಸರ ಏಷ್ಯಾ ಕಪ್ ಬಿ ಡಿವಿಷನ್ ಫೈನಲ್ ಆಯಿತಲ್ಲ, ನಮ್ಮ ಭಾರತ ತಂಡ ಕಜಕಸ್ತಾನವನ್ನು 75–73ರಲ್ಲಿ ಸೋಲಿಸಿದ್ದು? ಆ ತಂಡದಲ್ಲಿ ಇಲ್ಲೇ ಪುಣೆಯ ಶಿರೀನ್ ಲಿಮಯೆ ಇದ್ದರು. ನಮ್ಮ ದೇಶದಲ್ಲಿ ಹುಡುಗಿಯರಿಗೆ ಬಾಸ್ಕೆಟ್‌ಬಾಲಿನಿಂದ ತಿಂಗಳ ಸಂಬಳ ಅಂದರೆ ಈಗಲೂ ಹೆಚ್ಚಾಗಿ ರೈಲ್ವೆಯೇ.

ರೈಲ್ವೆಯ ಆ ಆಟಗಾರರ ಕೋಟಾದ ಕೆಲಸಕ್ಕೆ ವಯಸ್ಸು 18ರಿಂದ 25. ನೂರು ಅಂಕದಲ್ಲಿ ಟ್ರಯಲ್ಸ್‌ಗೆ 40, ಹಿಂದೆ ಆಡಿದ ಟೂರ್ನಮೆಂಟುಗಳಿಗೆ 50, ಓದಿಗೆ 10. ನೋಡಿದಿರಾ, ಆ ದಿನ ಎಷ್ಟೇ ಚೆನ್ನಾಗಿ ಆಡಿದರೂ ಅರ್ಧ ಅಂಕ ಹಳೇ ಕಾಗದದಲ್ಲಿದೆ. ಅದಕ್ಕೇ ಪ್ರತಿ ಸರ್ಟಿಫಿಕೇಟನ್ನೂ ಒಂದು ಫೈಲಿಗೆ ಹಾಕಿ. ಓದಿಗೆ ಹತ್ತೇ ಅಂಕ ಅಂತ ಡಿಗ್ರಿ ಬಿಡಿಸಬೇಡಿ. ನನ್ನ ಮಂಡಿ ಹೋದ ಮೇಲೆ ಬಡ್ತಿಗೆ ಬಂದದ್ದು ಆ ಬಿ.ಕಾಂ.

ಇನ್ನೊಂದು ತಾಪತ್ರಯ ಮುಂಬೈಯ ನಮ್ಮ ಕನ್ನಡದವರಿಗೇ ಜಾಸ್ತಿ. ಚೊಚ್ಚಲ ಹೆರಿಗೆ ತವರಲ್ಲಿ ಅಲ್ವಾ? ಮಗಳ ಜನನ ಪತ್ರ ಕುಂದಾಪುರದ್ದೋ ಹುಬ್ಬಳ್ಳಿಯದ್ದೋ, ಅದರಲ್ಲಿ ಬರೀ ಅವಳ ಹೆಸರು. ಇಲ್ಲಿನ ಶಾಲೆಯಲ್ಲಿ ಅಡ್ಡಹೆಸರು ಮೊದಲು, ಅವಳ ಹೆಸರು, ಆಮೇಲೆ ಅಪ್ಪನದ್ದು. ಆಧಾರ್‌ನಲ್ಲಿ ಮೂರನೆಯದೇ ಬಗೆ. ಟೂರ್ನಮೆಂಟಿನಲ್ಲಿ ವಯಸ್ಸು ಪರೀಕ್ಷಿಸುವ ಟೇಬಲ್ ಮುಂದೆ ನಿಂತಾಗ ಇದು ಗೊತ್ತಾದರೆ ಅವತ್ತಿನ ಆಟ ಹೋದ ಹಾಗೆ. ಮೇ ರಜೆಯಲ್ಲಿ ಹೇಗೂ ಊರಿಗೆ ಹೋಗುತ್ತೀರಿ. ಎರಡು ದಿನ ಮೊದಲೇ ಹೊರಟು ಆ ಹೆಸರು ಸರಿ ಮಾಡಿಸಿಕೊಂಡು ಬನ್ನಿ.