ತಿರುಚಿ ದಾರಿಯಲ್ಲಿ ಮಲೇಷ್ಯಾ: ಮಂಡ್ಯದವನ ಲೆಕ್ಕ

ಮೊದಲು ದುಡ್ಡಿನ ಮಾತು. 2025ರ ದಸರಾ ರಜೆಯಲ್ಲಿ ನಾವು ಐದು ಜನ, ಅಂದರೆ ನಾನು, ನನ್ನಾಕೆ, ಎರಡು ಮಕ್ಕಳು, ನಮ್ಮವ್ವ, ಮಲೇಷ್ಯಾಕ್ಕೆ ಹೋಗಿಬಂದದ್ದಕ್ಕೆ ಒಂದೂಮುಕ್ಕಾಲು ಲಕ್ಷ ದಾಟಲಿಲ್ಲ. ಮೈಸೂರಲ್ಲಿ ವಿಚಾರಿಸಿದ ಪ್ಯಾಕೇಜಿಗೆ ಮೂರೂಕಾಲು ಲಕ್ಷದ ಹತ್ತಿರ, ಅದರ ಮೇಲೆ ಆಗಿನ ಶೇ 5 ಟಿಸಿಎಸ್ (ಪ್ಯಾಕೇಜು ಮಾರುವವರೇ ಮುಂಚಿತವಾಗಿ ಹಿಡಿಯೋ ತೆರಿಗೆ). ರಿಟರ್ನ್ಸ್ ಹಾಕಿದಾಗ ಅದು ವಾಪಸ್ ಬರುತ್ತೆ ನಿಜ, ಆದರೆ ಅಲ್ಲೀತನಕ ಹದಿನಾರು ಸಾವಿರ ಸುಮ್ಮನೆ ಕೂತಿರಬೇಕು.

ಒಂದೇ ಏಟಿಗೆ ನಲವತ್ತು ಸಾವಿರದ ಹತ್ತಿರ ಉಳಿಸಿದ್ದು ತಮಿಳುನಾಡಿನ ತಿರುಚಿ. ಬೆಂಗಳೂರಿಂದ ಕ್ವಾಲಾಲಂಪುರಕ್ಕೆ ಹೋಗಿಬರೋ ಟಿಕೆಟ್ಟು ತಲೆಗೆ ಇಪ್ಪತ್ತೆರಡು ಸಾವಿರ ತೋರಿಸುತ್ತಿದ್ದ ವಾರದಲ್ಲೇ ತಿರುಚಿಯಿಂದ ಹದಿನಾಲ್ಕು ಚಿಲ್ಲರೆ ಇತ್ತು. ಮೈಸೂರಿನ ನನ್ನ ಷಡ್ಡಕ ಕೇಳಿ ಬಿದ್ದುಬಿದ್ದು ನಕ್ಕ. "ಅಲ್ಲ ಕಣಣ್ಣ, ವಿಮಾನ ಹತ್ತೋಕೆ ರಾತ್ರಿಯೆಲ್ಲ ರೈಲಲ್ಲಿ ಹೋಗೋರು ಯಾರಾದ್ರೂ ಉಂಟಾ?" ಅಂದ. ನಮ್ಮ ಮೈಲಾಡುತುರೈ ಗಾಡಿ (ಈಗ ಕಡಲೂರು ತನಕ ಹೋಗುತ್ತೆ) ಸಂಜೆ ಮಂಡ್ಯದಲ್ಲಿ ಹತ್ತಿದರೆ ಬೆಳಗಾಗೋ ಮೊದಲೇ ತಿರುಚಿ. ಥರ್ಡ್ ಏಸಿ ಎಂಟುನೂರರ ಆಸುಪಾಸು. ಬೆಂಗಳೂರು ಏರ್‌ಪೋರ್ಟಿಗೆ ಐದು ಜನ ಟ್ಯಾಕ್ಸಿ ಮಾಡಿದ್ದರೆ ಆಗ್ತಿದ್ದ ಖರ್ಚಿಗೂ ಇದಕ್ಕೂ ಹೆಚ್ಚು ವ್ಯತ್ಯಾಸವಿಲ್ಲ.

ಅವ್ವನನ್ನು ಒಪ್ಪಿಸೋದು ಕಷ್ಟವಾಗಲಿಲ್ಲ. ಶ್ರೀರಂಗಪಟ್ಟಣದ ಆದಿರಂಗ ಮನೆ ಪಕ್ಕದಲ್ಲೇ, ಶಿವನಸಮುದ್ರದ ಮಧ್ಯರಂಗನ ದರ್ಶನ ಎಂದೋ ಆಗಿತ್ತು, ಶ್ರೀರಂಗದ ಅಂತ್ಯರಂಗ ಒಂದು ಬಾಕಿ. ವಿಮಾನ ರಾತ್ರಿಗಿದ್ದದ್ದರಿಂದ ಲಗೇಜು ಸ್ಟೇಷನ್ನಿನಲ್ಲಿಟ್ಟು, ಸಿಟಿ ಬಸ್ಸಲ್ಲಿ ಶ್ರೀರಂಗಕ್ಕೆ ಹೋಗಿ ಮೂರು ರಂಗರ ಲೆಕ್ಕ ಚುಕ್ತಾ ಮಾಡಿದೆವು. ಅವ್ವನ ಪ್ರಕಾರ ಟೂರು ಅಲ್ಲಿಗೇ ಮುಗಿದಿತ್ತು, ಮಲೇಷ್ಯಾ ಬೋನಸ್ಸು.

ಈ ದಾರಿಯ ತಾಪತ್ರಯ ರೈಲಿನದ್ದೇ. ವಿಮಾನದ ಟಿಕೆಟ್ಟು ಐದಾರು ತಿಂಗಳು ಮುಂಚೆ ತಗೊಂಡರೆ ಅಗ್ಗ, ರೈಲಿನ ಬುಕಿಂಗ್ ತೆರೆಯೋದು 60 ದಿನಕ್ಕೆ. 2024ರ ನವೆಂಬರಿಗೆ ಮೊದಲು 120 ದಿನ ಇತ್ತು, ಎಷ್ಟೋ ವಾಸಿ. ಹೋಗುವಾಗ ಸೀಟು ಸಿಕ್ಕವು. ಬರುವಾಗ ದಸರಾ ಜನ ಎಲ್ಲ ಮೈಸೂರಿಗೇ ನುಗ್ಗುವ ಹೊತ್ತು. ವೇಟಿಂಗ್ ಲಿಸ್ಟು ಕೊನೇತನಕ ಅಲ್ಲಾಡಲಿಲ್ಲ. ಕಡೆಗೆ ಬೆಂಗಳೂರಿಗೆ ರಾತ್ರಿ ಬಸ್ಸು, ಐದು ಜನಕ್ಕೆ ಆರು ಸಾವಿರದ ಮೇಲೆ. ಈಗ ನಾನು ಬರೋ ದಿನಕ್ಕೆ ಬೇರೆ ಒಂದು ಏರ್ಪಾಡು ಇಟ್ಟುಕೊಂಡಿದ್ದೀನಿ. ಅದನ್ನ ಬರೆದರೆ ಆ ಸೀಟೂ ಹೋಗುತ್ತೆ, ಬೇಡ.

ವೀಸಾ ಖರ್ಚಿಲ್ಲ. 2023ರ ಡಿಸೆಂಬರಿಂದ ನಮ್ಮವರಿಗೆ 30 ದಿನ ವೀಸಾ ಬೇಕಿಲ್ಲ. ಅಲ್ಲಿಗೆ ತಲುಪೋ ಮೊದಲಿನ ಮೂರು ದಿನದೊಳಗೆ ಎಂಡಿಎಸಿ ಅನ್ನೋ ಮಲೇಷ್ಯಾದ ಆನ್‌ಲೈನ್ ಆಗಮನ ಅರ್ಜಿ ತುಂಬಬೇಕು, ಅದು ಪುಕ್ಕಟೆ. ದುಡ್ಡು ಕೇಳೋ ವೆಬ್‌ಸೈಟು ಕಂಡರೆ ಅಲ್ಲಿಂದ ಓಡಿ.

ಲಗೇಜು ತಲೆಗೆ ಏಳು ಕೆಜಿ ಕೈಚೀಲ ಮಾತ್ರ, ಒಂದೂ ಪೆಟ್ಟಿಗೆಗೆ ದುಡ್ಡು ಕಟ್ಟಲಿಲ್ಲ. ಆ ಏಳರಲ್ಲಿ ಹುರಿಹಿಟ್ಟು, ಚಟ್ನಿಪುಡಿ, ಅವಲಕ್ಕಿ. ಬೆಳಗಿನ ತಿಂಡಿ ಅದರಲ್ಲೇ ಆಯ್ತು. ಕ್ವಾಲಾಲಂಪುರದ ಬ್ರಿಕ್‌ಫೀಲ್ಡ್ಸ್ ಬಡಾವಣೇಲಿ ಅಡಿಗೆಮನೆ ಇದ್ದ ಎರಡು ರೂಮಿನ ಫ್ಲ್ಯಾಟು ದಿನಕ್ಕೆ 230 ರಿಂಗಿಟ್ ಇರಬೇಕು, ಆಗ ಒಂದು ರಿಂಗಿಟ್ಟಿಗೆ 21 ರೂಪಾಯಿ. ವಿದೇಶಿಯರಿಗೆ ರೂಮಿಗೆ ರಾತ್ರಿಗೆ 10 ರಿಂಗಿಟ್ ಟೂರಿಸಂ ತೆರಿಗೆ ಬೇರೆ ಇದೆ, ಲೆಕ್ಕ ಹಾಕುವಾಗ ಸೇರಿಸಿಕೊಳ್ಳಿ. ಅಲ್ಲಿ ಮುದ್ದೆ ಮಾಡೋ ಪ್ರಯೋಗವೂ ನಡೀತು. ತಳ ತೆಳ್ಳಗಿನ ಬಾಣಲೆ, ಕೋಲಿಲ್ಲ, ಮರದ ಸೌಟಲ್ಲಿ ತಿರುವಿದ್ದು. ಗಂಟೋ ಗಂಟು. ಮಕ್ಕಳು ಎದುರುಗಡೆ ಬಾಳೆಲೆ ಊಟಕ್ಕೆ ಓಡಿದರು.

ಹಣ ಬದಲಾಯಿಸೋದರಲ್ಲಿ ಮೂರು ದಾರಿ ಅಕ್ಕಪಕ್ಕ ಇಟ್ಟು ನೋಡಿದೆ. ಏರ್‌ಪೋರ್ಟ್ ಕೌಂಟರು ಎಲ್ಲಕ್ಕಿಂತ ಕೆಟ್ಟದ್ದು. ಮಾಮೂಲಿ ಬ್ಯಾಂಕ್ ಕಾರ್ಡು ಮೂರೂವರೆ ಪರ್ಸೆಂಟ್ ಹತ್ತಿರ ಕಚ್ಚಿತು. ಆಶ್ಚರ್ಯ ಅಂದರೆ ರೂಪಾಯಿ ನೋಟನ್ನೇ ಒಯ್ದು (25,000ದ ತನಕ ಒಯ್ಯಬಹುದು) ಕ್ವಾಲಾಲಂಪುರದ ಪೇಟೆಯ ಅಂಗಡೀಲಿ ಬದಲಾಯಿಸಿದ್ದೇ ಮೇಲಾಯ್ತು. ಯಾವ ಬೀದಿ ಅಂತ ಕೇಳಬೇಡಿ. ನಾಲ್ಕಂಗಡಿ ಹತ್ತಿ ಇಳಿಯಿರಿ, ಸಿಗುತ್ತೆ. ಕಾರ್ಡ್ ಮಿಷನ್ನು ರೂಪಾಯೀಲಿ ಕೊಡ್ತೀರಾ ಅಂತ ಕೇಳಿದರೆ ಬೇಡ ಅನ್ನಿ, ರಿಂಗಿಟ್ಟೇ ಒತ್ತಿ.

ಓಡಾಟ ಅಗ್ಗ. ಏರ್‌ಪೋರ್ಟಿಂದ ಊರೊಳಗಿನ ಕೆಎಲ್ ಸೆಂಟ್ರಲ್ ಸ್ಟೇಷನ್ನಿಗೆ ಎಕ್ಸ್‌ಪ್ರೆಸ್ ರೈಲು ತಲೆಗೆ 55 ರಿಂಗಿಟ್, ಬಸ್ಸು 15ರ ಒಳಹೊರಗೆ. ಬಾಟು ಗುಹೆಗೆ ಲೋಕಲ್ ರೈಲು ಮೂರು ರಿಂಗಿಟ್ಟೊಳಗೆ. ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲು ಹತ್ತಿದ ಅವ್ವನಿಗೆ ಅಲ್ಲಿನ 272 ಯಾವ ಲೆಕ್ಕ? 140 ಅಡಿ ಮುರುಗನ ಮುಂದೆ ಫೋಟೋ ತೆಗೆಸಿಕೊಂಡು ನಮಗಿಂತ ಮೊದಲು ಮೇಲಿದ್ದಳು. ಪೆಟ್ರೋನಾಸ್ ಗೋಪುರ ಹತ್ತೋಕೆ ಒಬ್ಬರಿಗೆ ನೂರು ರಿಂಗಿಟ್ ಹತ್ತಿರ. ಕೆಳಗಿನ ಪಾರ್ಕಿನಲ್ಲಿ ಸಂಜೆ ಕಾರಂಜಿ ಬಿಟ್ಟಿ, ಗೋಪುರ ಪೂರ್ತಿ ಕಾಣೋದೂ ಅಲ್ಲಿಂದಲೇ. ಹಳೇ ಬಂದರು ಊರು ಮಲಾಕ್ಕಾಗೆ ಬಸ್ಸಲ್ಲಿ ಹೋಗಿಬಂದದ್ದು ಮಾತ್ರ ದುಡ್ಡಿಗೆ ಮೀರಿದ ದಿನ, ಅದನ್ನ ಬಿಡಬೇಡಿ.

ಷಡ್ಡಕ ಈಗ ತಿರುಚಿ ರೈಲಿನ ಟೈಮು ಕೇಳ್ತಿದ್ದಾನೆ. ಕೊಲಂಬೋಗೂ ಅಲ್ಲಿಂದಲೇ ವಿಮಾನ ಇದೆ. ರೇಟು ನೋಡಿಟ್ಟಿದ್ದೀನಿ, ನಮ್ಮ ಟಿಕೆಟ್ಟು ಆಗೋ ತನಕ ಅವನಿಗೂ ಹೇಳಲ್ಲ.