ಉಪಮೆಗೂ ಉತ್ಪ್ರೇಕ್ಷೆಗೂ ನಡುವಿನ ಗೆರೆ: ನನ್ನ ಅನುಭವ

ಉಡುಪಿಯ ಪ್ರೌಢಶಾಲೆಯೊಂದರಲ್ಲಿ ಕನ್ನಡ ಕಲಿಸುವ ನಾನು, ಹತ್ತನೆಯ ತರಗತಿಯ ಮಕ್ಕಳಿಗೆ ಅಲಂಕಾರದ ಲಕ್ಷಣವನ್ನು ಬಾಯಿಪಾಠ ಮಾಡಿಸುವ ಮೊದಲು, ಒಂದೇ ನೋಟವನ್ನು ಬೇರೆಬೇರೆ ಅಲಂಕಾರಗಳಲ್ಲಿ ಹೇಳಿಸುವ ಕ್ರಮವನ್ನು ರೂಢಿಸಿಕೊಂಡಿದ್ದೇನೆ. ಮಲ್ಪೆಯ ಮಳೆಗಾಲದ ಕಡಲನ್ನು ಇಲ್ಲಿ ಎಲ್ಲರೂ ಕಂಡಿರುವುದರಿಂದ ಅದನ್ನೇ ಎತ್ತಿಕೊಳ್ಳುತ್ತೇನೆ.

‘ಅಲೆಗಳು ಮದ್ದಾನೆಗಳಂತೆ ನುಗ್ಗಿದವು’ ಎಂದಾಗ ಅಲೆ ಉಪಮೇಯ (ವರ್ಣಿಸುತ್ತಿರುವ ವಸ್ತು), ಮದ್ದಾನೆ ಉಪಮಾನ (ಹೋಲಿಕೆಗೆ ತಂದ ವಸ್ತು), ‘ಅಂತೆ’ ಉಪಮಾವಾಚಕ, ನುಗ್ಗುವಿಕೆ ಸಮಾನಧರ್ಮ. ನಾಲ್ಕೂ ಇರುವುದರಿಂದ ಇದು ಪೂರ್ಣೋಪಮೆ. ‘ಅಲೆಗಳೆಂಬ ಮದ್ದಾನೆಗಳು ದಡವನ್ನು ತುಳಿದವು’ ಎಂದೊಡನೆ ಎರಡರ ನಡುವಿನ ಭೇದವಳಿದು ರೂಪಕವಾಗುತ್ತದೆ. ಇಲ್ಲಿಯವರೆಗೆ ಮಕ್ಕಳಿಗೆ ತೊಡಕಿಲ್ಲ.

ತೊಡಕಿರುವುದು ಉತ್ಪ್ರೇಕ್ಷೆಯಲ್ಲಿ, ಅಂದರೆ ಇಲ್ಲದ್ದನ್ನು ಇದೆಯೋ ಎಂಬಂತೆ ಊಹಿಸಿ ಹೇಳುವ ಅಲಂಕಾರದಲ್ಲಿ. ‘ಕಡಲು ದಡದ ಮೇಲೆ ಮುನಿದಿದೆಯೋ ಎಂಬಂತೆ ಅಲೆಗಳು ಅಪ್ಪಳಿಸಿದವು’ ಎಂದು ಬರೆದರೆ, ‘ಅಂತೆ’ ಕಂಡವರು ಕೂಡಲೇ ಉಪಮೆ ಎನ್ನುತ್ತಾರೆ. ವಾಚಕಪದವೊಂದನ್ನೇ ಹಿಡಿದು ಅಲಂಕಾರ ನಿರ್ಣಯಿಸುವ ಸುಲಭಸೂತ್ರವನ್ನು ನಾನು ಒಪ್ಪುವುದಿಲ್ಲ. ಹೋಲಿಸಲು ತಂದ ವಸ್ತು ಯಾವುದು, ತೋರಿಸಿ ಎಂದು ಕೇಳುತ್ತೇನೆ. ಮದ್ದಾನೆಯನ್ನು ತೋರಿಸಬಹುದು, ಕಡಲಿನ ಮುನಿಸಾದರೋ ಅಲೆಗಳ ಅಬ್ಬರಕ್ಕೆ ಕವಿ ಊಹಿಸಿಕೊಂಡ ಕಾರಣವೇ ಹೊರತು ಹೋಲಿಕೆಗೆ ನಿಂತ ಇನ್ನೊಂದು ವಸ್ತುವಲ್ಲ. ಅದೇ ವಾಕ್ಯವನ್ನು ‘ಕಡಲು ಮುನಿದ ಮನುಷ್ಯನಂತೆ ಅಬ್ಬರಿಸಿತು’ ಎಂದು ತಿರುಗಿಸಿ ಬರೆಸಿದಾಗ ಉಪಮಾನ ಬಂದು ಕೂರುತ್ತದೆ, ಉತ್ಪ್ರೇಕ್ಷೆ ಉಪಮೆಯಾಗುತ್ತದೆ. ಈ ಬದಲಾವಣೆಯನ್ನು ತಮ್ಮ ಕೈಯಾರೆ ಮಾಡಿದ ಮಕ್ಕಳು ಮತ್ತೆ ಗೊಂದಲಗೊಳ್ಳುವುದು ಅಪರೂಪ.

ಸಂಸ್ಕೃತದ ಆಲಂಕಾರಿಕ ದಂಡಿಯೂ ಕಾವ್ಯಾದರ್ಶದಲ್ಲಿ ಈ ಗೊಂದಲವನ್ನೇ ಚರ್ಚಿಸಿದ್ದಾನೆ. ಕತ್ತಲು ಮೈಗೆ ಬಳಿಯುತ್ತಿದೆಯೋ ಎಂಬಂತಿದೆ ಎನ್ನುವ ಪದ್ಯದಲ್ಲಿ ‘ಇವ’ (ಕನ್ನಡದ ‘ಅಂತೆ’) ಎಂಬ ವಾಚಕವಿದ್ದರೂ, ಅದು ಕ್ರಿಯಾಪದದೊಡನೆ ಬಂದಿರುವುದರಿಂದಲೂ ಕ್ರಿಯಾಪದವು ಉಪಮಾನವಾಗಲಾರದಾದ್ದರಿಂದಲೂ ಅದು ಉಪಮೆಯಲ್ಲವೆಂಬುದು ಅವನ ವಾದ. ಅರ್ಥಾಲಂಕಾರಗಳಿಗೆ ಮೂರನೆಯ ಪರಿಚ್ಛೇದವನ್ನು ಮೀಸಲಿಟ್ಟ 9ನೆಯ ಶತಮಾನದ ಕವಿರಾಜಮಾರ್ಗವು ಬಹುಮಟ್ಟಿಗೆ ಆ ಕಾವ್ಯಾದರ್ಶವನ್ನೇ ಅನುಸರಿಸಿರುವುದರಿಂದ, ಈ ವಿವೇಚನೆ ಕನ್ನಡದ ಓದುಗರಿಗೆ ದೂರದ್ದೇನಲ್ಲ.

ದೃಷ್ಟಾಂತ ಅಲಂಕಾರವನ್ನು ಕಲಿಸಲು ಇಷ್ಟು ಶ್ರಮ ಬೇಕಾಗಲಿಲ್ಲ. ವೇಷ, ಕುಣಿತಗಳಿಲ್ಲದೆ ಕುಳಿತೇ ನಡೆಸುವ ಯಕ್ಷಗಾನವಾದ ತಾಳಮದ್ದಳೆಯಲ್ಲಿ, ಪಾತ್ರದ ಮಾತನ್ನಾಡುವ ನುರಿತ ಅರ್ಥಧಾರಿಯು ಒಂದು ಮಾತನ್ನು ಹೇಳಿ, ‘ಹಾಗೆ’ ಎಂಬ ವಾಚಕವಿಲ್ಲದೆಯೇ ಅದಕ್ಕೆ ಸಾಟಿಯಾದ ಇನ್ನೊಂದು ವಾಕ್ಯವನ್ನು ಪಕ್ಕದಲ್ಲಿಡುವುದನ್ನು ಕೇಳುತ್ತ ಬೆಳೆದವರಿಗೆ ಒಂದು ವಾಕ್ಯ ಇನ್ನೊಂದರ ಪ್ರತಿಬಿಂಬದಂತಿರುವ ಬಿಂಬ-ಪ್ರತಿಬಿಂಬ ಭಾವವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಉತ್ತರ ಬರೆಸುವಾಗ ನಾನು ಸಮನ್ವಯವನ್ನು, ಅಂದರೆ ಲಕ್ಷಣವು ವಾಕ್ಯಕ್ಕೆ ಹೇಗೆ ಹೊಂದುತ್ತದೆ ಎಂಬ ವಿವರಣೆಯನ್ನು, ಮೊದಲು ಬರೆಸಿ, ಅಲಂಕಾರದ ಹೆಸರನ್ನು ಕೊನೆಗೆ ಬರೆಸುತ್ತೇನೆ. ಏಕೆಂದರೆ ಹೆಸರನ್ನು ಮೊದಲೇ ಬರೆದವರು ವಾಕ್ಯವನ್ನು ಆ ಹೆಸರಿಗೆ ಒಗ್ಗಿಸಲು ಹೊರಡುತ್ತಾರೆ.