ಡ್ರಾಯರ್ ಬಾಕ್ಸ್‌ನಲ್ಲಿ ಮಕ್ಕಳ ಮಿಠಾಯಿ: ಲೆಕ್ಕ ಹೊಂದಿದ್ದು ಹೀಗೆ

ಮಕ್ಕಳ ಮಿಠಾಯಿಗೆ ಬೆಂಕಿಪೊಟ್ಟಣದ ಮಾದರಿಯ ಡ್ರಾಯರ್ ಬಾಕ್ಸ್ ಮಾಡುತ್ತೇನೆ ಅಂದಾಗ ಪ್ರಿಂಟಿಂಗ್‌ನವರು, ಡೈ (ಕತ್ತರಿಸುವ ಅಚ್ಚು) ಮಾಡುವವರು ಎಲ್ಲರದ್ದೂ ಒಂದೇ ಮಾತು: ಎರಡು ತುಂಡು, ಎರಡು ಡೈ, ಬೋರ್ಡ್ (ರಟ್ಟು) ದುಪ್ಪಟ್ಟು. ದುಪ್ಪಟ್ಟು ಅನ್ನುವುದನ್ನು ಯಾರೂ ಅಳೆದು ಹೇಳಿರಲಿಲ್ಲ.

ಬಾಕ್ಸ್ 90 x 60 x 25 ಮಿ.ಮೀ. ಎರಡೂ ತುದಿ ಟಕ್ (ಒಳಕ್ಕೆ ಸಿಕ್ಕಿಸಿ ಮುಚ್ಚುವ ಫ್ಲಾಪ್) ಇರುವ ಸಾದಾ ಬಾಕ್ಸ್ ಬಿಡಿಸಿಟ್ಟರೆ ಸುಮಾರು 185 x 170. ಡ್ರಾಯರ್‌ಗೆ ಸ್ಲೀವ್ (ಹೊರಗಿನ ಕವಚ) 185 x 90, ತುದಿಗೋಡೆ ಎರಡು ಪದರ ಮಡಚುವ ಟ್ರೇ (ಒಳಗೆ ಜಾರುವ ತಟ್ಟೆ) 214 x 110. ಗುಣಿಸಿ ನೋಡಿ, ಹೆಚ್ಚುವರಿ ನೂರಕ್ಕೆ 28ರಷ್ಟು. ಸ್ಲೀವ್‌ಗೆ 300 ಜಿಎಸ್‌ಎಂ (ಚದರ ಮೀಟರಿಗೆ ಇಷ್ಟು ಗ್ರಾಂ ತೂಕ) ಇಟ್ಟು ಟ್ರೇಯನ್ನು 250ಕ್ಕೆ ಇಳಿಸಿದರೆ ತೂಕದಲ್ಲಿ ಅದು 15ಕ್ಕೆ ಬರುತ್ತದೆ. ಟಕ್ ಬಾಕ್ಸ್‌ಗಳು ಶೀಟಿನಲ್ಲಿ ಒಂದರ ಸಂದಿಗೊಂದು ಕೂರುತ್ತವೆ, ಅದನ್ನೂ ಹಿಡಿದರೆ 20ರ ಆಸುಪಾಸು. ದುಪ್ಪಟ್ಟು ಎಲ್ಲಿ ಬಂತು?

ಉಳಿತಾಯ ಇರುವುದು ಟ್ರೇಯಲ್ಲಿ. ಅದಕ್ಕೆ ಪ್ರಿಂಟ್ ಇಲ್ಲ, ವಾರ್ನಿಶ್ ಇಲ್ಲ, ಪೇಸ್ಟಿಂಗ್ (ಅಂಟಿಸುವ ಕೆಲಸ) ಇಲ್ಲ. ಎಲ್ಲ ರುಚಿಗೂ ಅದೇ ಟ್ರೇ. ಬದಲಾಗುವುದು ಸ್ಲೀವ್ ಮಾತ್ರ. ಒಂದು ರುಚಿ ಓಡದಿದ್ದರೆ ಗುಜರಿಗೆ ಹೋಗುವುದೂ ಸ್ಲೀವ್ ಮಾತ್ರ. ಕೈಕೆಲಸ ಜಾಸ್ತಿ, ಟಕ್ ಬಾಕ್ಸ್ ಕಟ್ಟುವ ಹೊತ್ತಿನ ಎರಡು ಪಟ್ಟಿಗಿಂತ ಹೆಚ್ಚೇ ಹಿಡಿಯುತ್ತದೆ. ಆದರೆ ತೆರೆದ ಟ್ರೇಗೆ ತುಂಬುವುದು ಬೇಗ, ಸ್ವಲ್ಪ ಅಲ್ಲಿ ವಾಪಸ್ ಬರುತ್ತದೆ.

ಟಕ್ ಬಾಕ್ಸ್ ಮಕ್ಕಳ ಕೈಯಲ್ಲಿ ಬಾಳುವುದಿಲ್ಲ. ಫ್ಲಾಪ್ ಎಳೆದ ರಭಸಕ್ಕೆ ಲಾಕ್‌ನ ಸೀಳು ಹರಿಯುತ್ತದೆ, ಮತ್ತೆ ಮುಚ್ಚಿ ನಿಲ್ಲುವುದಿಲ್ಲ. ಗಟ್ಟಿ ಮಿಠಾಯಿಯ ಭಾರಕ್ಕೆ ಬುಡವೇ ಬಿಚ್ಚಿಕೊಳ್ಳುವುದೂ ಉಂಟು. ಲಾಕ್ ಬಾಟಮ್ (ಒಂದಕ್ಕೊಂದು ಸಿಕ್ಕಿಕೊಳ್ಳುವ ಬುಡ) ಹಾಕಿದರೆ ಬುಡ ಬಿಚ್ಚುವುದು ನಿಲ್ಲುತ್ತದೆ, ಫ್ಲಾಪ್‌ನ ಗೋಳು ಹಾಗೇ ಉಳಿಯುತ್ತದೆ. ದಿಂಬಿನ ಆಕಾರದ ಪಿಲ್ಲೋ ಬಾಕ್ಸ್ ನೋಡೋಕೆ ಚೆಂದ, ಕಪಾಟಿನಲ್ಲಿ ನಿಲ್ಲಲ್ಲ, ಬಾಗಿದ ಕ್ರೀಸ್ (ಮಡಿಕೆಯ ಗೆರೆ) ನಾಲ್ಕಾರು ಸಲ ತೆರೆದರೆ ಸತ್ತುಹೋಗುತ್ತದೆ. ಮೇಲೆ ಹಿಡಿ ಇರುವ ಗೇಬಲ್ ಬಾಕ್ಸ್ ಮಕ್ಕಳಿಗೆ ಬಹಳ ಇಷ್ಟ, ಆದರೆ ದೊಡ್ಡ ಕಾರ್ಟನ್‌ನಲ್ಲಿ ಸಾಗಿಸುವುದು ಬರೀ ಗಾಳಿ. ಫಿಲ್ಮ್ ಅಂಟಿಸಿದ ವಿಂಡೋ ಮಾಡಿದರೆ ಮಕ್ಕಳ ಬೆರಳು ಮೊದಲು ಹೋಗುವುದೇ ಅಲ್ಲಿಗೆ. ಹಾಗಾಗಿ ವಿಂಡೋ ಕೈಬಿಟ್ಟು ಒಳಗಿನ ಮಿಠಾಯಿಯನ್ನು ನಿಜವಾದ ಗಾತ್ರದಲ್ಲೇ ಸ್ಲೀವ್ ಮೇಲೆ ಪ್ರಿಂಟ್ ಮಾಡಿದೆ.

ಡ್ರಾಯರ್‌ನಲ್ಲಿ ಎಲ್ಲ ನಿಂತಿರುವುದು ಸಡಿಲದ ಮೇಲೆ. ಟ್ರೇಯ ಹೊರ ಅಗಲಕ್ಕಿಂತ ಸ್ಲೀವ್‌ನ ಒಳ ಅಗಲ ಒಟ್ಟು 1 ಮಿ.ಮೀ. ಹೆಚ್ಚು, ಎತ್ತರದಲ್ಲೂ ಹೆಚ್ಚುಕಡಿಮೆ ಅಷ್ಟೇ. ಅರ್ಧ ಮಿ.ಮೀ.ಗೆ ಇಳಿಸಿದರೆ ಒಣಹವೆಯಲ್ಲಿ ಸರಾಗ, ತೇವಕ್ಕೆ ಬೋರ್ಡ್ ಉಬ್ಬಿದಾಗ ಜಾಮ್. ಮಗು ಜೋರಾಗಿ ಎಳೆದು ಮಿಠಾಯಿಯೆಲ್ಲ ನೆಲಕ್ಕೆ. ಒಂದೂವರೆ ಮಾಡಿದರೆ ಬಾಕ್ಸ್ ಓರೆ ಮಾಡಿದ ಕೂಡಲೇ ಟ್ರೇ ಜಾರುತ್ತದೆ. ಗ್ರೇನ್ (ಬೋರ್ಡಿನ ನಾರಿನ ದಿಕ್ಕು) ಸ್ಲೀವ್‌ನ ಸುತ್ತ ಹೋಗಬೇಕು, ಅಂದರೆ ಉದ್ದದ ಕ್ರೀಸ್‌ಗಳಿಗೆ ಅಡ್ಡ. ತಿರುಗಿಸಿ ಹಾಕಿದರೆ ಮುಖ ಉಬ್ಬಿ ಅಳತೆಯೆಲ್ಲ ಕೆಡುತ್ತದೆ. ಶೀಟಿನಲ್ಲಿ ಒಂದೆರಡು ಬಾಕ್ಸ್ ಹೆಚ್ಚು ಹಿಡಿಯುತ್ತದೆ ಅಂತ ಲೇಔಟ್ ತಿರುಗಿಸುವವರ ಮೇಲೆ ಕಣ್ಣಿಡಿ.

ಪೇಸ್ಟಿಂಗ್ ಫ್ಲಾಪ್ 15 ಮಿ.ಮೀ., ಅದರ ಮೇಲೆ ವಾರ್ನಿಶ್ ಬರಕೂಡದು. ಅಂಟನ್ನು ಫ್ಲಾಪ್‌ನ ಅಂಚಿನಿಂದ 4-5 ಮಿ.ಮೀ. ಬಿಟ್ಟು ಸಣ್ಣ ಗೆರೆಯಾಗಿ ಎಳೆಯಬೇಕು. ಒಳಕ್ಕೆ ಚಿಮ್ಮಿದ ಒಂದು ಹನಿ ಸಾಕು, ಟ್ರೇ ಅಂಟಿಕೊಂಡೇ ಬಿಡುತ್ತದೆ. ಕಡುನೀಲಿ, ಕಡುಕೆಂಪನ್ನು ಕ್ರೀಸ್ ದಾಟಿಸಿದರೆ ಮಡಿಕೆಯಲ್ಲಿ ಬಿಳಿ ನಾರು ಕಾಣುತ್ತದೆ. ಕ್ರೀಸ್ ಚಾನೆಲ್ (ಕ್ರೀಸ್ ಒತ್ತುವಾಗ ಬೋರ್ಡ್ ಇಳಿಯುವ ತೋಡು) ಅಗಲಕ್ಕೆ ಬೋರ್ಡಿನ ದಪ್ಪದ ಒಂದೂವರೆ ಪಟ್ಟು, ಜೊತೆಗೆ ಕ್ರೀಸ್ ಒತ್ತುವ ಉಕ್ಕಿನ ಪಟ್ಟಿ ಅಂದರೆ ರೂಲ್‌ನ ದಪ್ಪ. ಇದರಿಂದ ಬಿರುಕು ಕಡಿಮೆಯಾಗುತ್ತದೆ, ಪೂರ್ತಿ ಹೋಗಲ್ಲ. ಅಂಚಿನಲ್ಲಿ ತಿಳಿಬಣ್ಣವೇ ವಾಸಿ.

ಎಳೆಯಲು ಸ್ಲೀವ್‌ನ ತುದಿಯಲ್ಲಿ 18-20 ಮಿ.ಮೀ. ಅಗಲದ ಅರ್ಧಚಂದ್ರ ಆಕಾರದ ಕಚ್ಚು, ಮೇಲೂ ಕೆಳಗೂ. ಟ್ರೇ ಪೂರ್ತಿ ಹೊರಬರದ ಹಾಗೆ ಸ್ಲೀವ್‌ನ ಒಂದು ತುದಿಯಲ್ಲಿ ಒಳಮಡಿಸಿದ ಸಣ್ಣ ನಾಲಿಗೆ ಇದೆ, ಅದು ಟ್ರೇಯ ಹಿಂಗೋಡೆಗೆ ತಡೆಯುತ್ತದೆ. ನಾಲಿಗೆಯ ಆಕಾರ, ಅದನ್ನು ಯಾವ ಹಂತದಲ್ಲಿ ಮಡಚಬೇಕು ಅನ್ನುವುದು ನನ್ನಲ್ಲೇ ಇರಲಿ. ಕೈಯಲ್ಲಿ ಕತ್ತರಿಸಿ ನಾಲ್ಕು ಸ್ಯಾಂಪಲ್ ಮಾಡಿದವರಿಗೆ ತಾನೇ ಹೊಳೆಯುತ್ತದೆ. ಪಿನ್ ಮಾತ್ರ ಎಲ್ಲೂ ಹೊಡೆಯಬೇಡಿ.

ಆರು ಮೂಲೆಯ ಟ್ರೇಯನ್ನೂ ಮಾಡಿ ನೋಡಿದೆ. ಮಕ್ಕಳು ಮುಗಿಬಿದ್ದರು, ಶೀಟಿನಲ್ಲಿ ವೇಸ್ಟ್ ಮೂರನೇ ಒಂದು ಪಾಲಿಗೆ ಹತ್ತಿರ. ಹಬ್ಬದ ಆರ್ಡರ್‌ಗೆ ಸರಿ, ದಿನದ ಮಾಲಿಗೆ ಆಗದು.

ಬೋರ್ಡ್ ತೇವ ತಡೆಯುವುದಿಲ್ಲ, ಗಟ್ಟಿ ಮಿಠಾಯಿ ಗಾಳಿಯ ತೇವ ಹೀರಿ ಅಂಟಾಗುತ್ತದೆ. ಆದ್ದರಿಂದ ಬಿಡಿಬಿಡಿಯಾಗಿ ಸುತ್ತಿದ ಮಿಠಾಯಿಯನ್ನೇ ಟ್ರೇಗೆ ಹಾಕುವುದು. ಬೂದುಬೆನ್ನಿನ ಡ್ಯೂಪ್ಲೆಕ್ಸ್ ಬೋರ್ಡ್ ಅಗ್ಗ, ಆದರೂ ಹಳೆಕಾಗದದ ಮಾಲು ತಿಂಡಿಯ ಹತ್ತಿರ ಬೇಡ. ಸ್ಲೀವ್ ಪ್ರಿಂಟ್ ಆದ ಮೇಲೆ ಒಂದೆರಡು ದಿನ ಗಾಳಿಗೆ ಬಿಡಿ, ಮಿಠಾಯಿ ಇಂಕಿನ ವಾಸನೆ ಬೇಗ ಹಿಡಿಯುತ್ತದೆ. ಬ್ಯಾಚ್, ದಿನಾಂಕ ಒತ್ತುವ ಚೌಕದ ಮೇಲೂ ವಾರ್ನಿಶ್ ಇರಬಾರದು, ಇದ್ದರೆ ಒರೆಸಿದರೆ ಅಳಿಸಿಹೋಗುತ್ತದೆ. ಕೊನೆಗೆ ಅರ್ಧ ಸ್ಲೀವ್ ಮೇಲೆ, ಅರ್ಧ ಟ್ರೇ ಮೇಲೆ ಬರುವಂತೆ ಕಾಗದದ ಸೀಲ್. ಫಿಲ್ಮ್ ಸ್ಟಿಕ್ಕರ್ ಹಾಕಿದರೆ ಕೀಳುವಾಗ ಪ್ರಿಂಟೂ ಎದ್ದುಬರುತ್ತದೆ. ಕಾಗದದ್ದು ನಡುವೆ ಹರಿಯುತ್ತದೆ.